ಸ್ವರಲಿಪಿಯನ್ನು ಓದುವವರು: ವಿಯೆನ್ನಾದಿಂದ ರಮಲ್ಲಾದವರೆಗೆ

ನಮ್ಮಲ್ಲಿ ಕಂಡಕ್ಟರ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಟಿಕೆಟ್ ಕೊಟ್ಟು ಸೀಟಿ ಊದುವ ಬಸ್ಸಿನ ಮನುಷ್ಯ. ಯುರೋಪಿನ ಸಂಗೀತದಲ್ಲಿ ಇದೇ ಹೆಸರಿನ ಇನ್ನೊಬ್ಬನಿದ್ದಾನೆ. ಐವತ್ತು, ಅರವತ್ತು ವಾದಕರ ಎದುರು ಪುಟ್ಟ ಪೀಠದ ಮೇಲೆ ನಿಂತು, ತೆಳ್ಳಗಿನ ಕೋಲೊಂದನ್ನು ಗಾಳಿಯಲ್ಲಿ ಆಡಿಸುವವನು. ವೇದಿಕೆಯ ಮೇಲಿರುವವರಲ್ಲಿ ಒಂದು ಸ್ವರವನ್ನೂ ನುಡಿಸದವನು ಅವನೊಬ್ಬನೇ. ಆದರೂ ಭಿತ್ತಿಪತ್ರದಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಅವನ ಹೆಸರೇ. ಈ ಮನುಷ್ಯ ನಿಜಕ್ಕೂ ಮಾಡುವುದೇನು ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದ್ದೇ.

ಅವನ ಕೆಲಸದ ಬಹುಪಾಲು ವೇದಿಕೆ ಹತ್ತುವ ಮೊದಲೇ ಮುಗಿದಿರುತ್ತದೆ ಎಂಬುದು ಉತ್ತರ. ಅದು ಓದುವ ಕೆಲಸ. ಹಿಂದುಸ್ತಾನಿ ಗಾಯಕರು ಎರಡು ಸಾಲಿನ ಬಂದಿಶನ್ನು ಹಿಡಿದು ಒಂದು ಗಂಟೆ ಬೆಳೆಸಬಲ್ಲರು. ಅಲ್ಲಿ ಕಟ್ಟುವವರೂ ಹಾಡುವವರೂ ಒಬ್ಬರೇ. ಸಿಂಫನಿಯಲ್ಲಿ ಹಾಗಲ್ಲ. ಪ್ರತಿಯೊಂದು ವಾದ್ಯ ಯಾವ ಕ್ಷಣದಲ್ಲಿ ಯಾವ ಸ್ವರ ನುಡಿಸಬೇಕು ಎಂಬುದು ಇನ್ನೂರು ವರ್ಷಗಳ ಹಿಂದೆಯೇ ಕಾಗದದ ಮೇಲೆ ನಿಗದಿಯಾಗಿದೆ. ನಿಗದಿಯಾಗದೆ ಉಳಿದದ್ದೂ ಇದೆ. ಸ್ವರಗಳ ಈ ಸಾಲು ಎಲ್ಲಿ ಉಸಿರೆಳೆದುಕೊಳ್ಳುತ್ತದೆ? ಇದು ಪ್ರಶ್ನೆಯೋ ಉತ್ತರವೋ? ಹತ್ತು ಕಡೆ ಗಟ್ಟಿಯಾಗಿ ನುಡಿಸಿ ಎಂದಿದ್ದರೆ ಅದರಲ್ಲಿ ನಿಜವಾದ ಶಿಖರ ಯಾವುದು? ಮುಗಿದಂತೆ ಕೇಳಿಸುವುದೆಲ್ಲ ಮುಗಿತಾಯವೇ? ಇವಕ್ಕೆ ಉತ್ತರ ಹುಡುಕುವುದನ್ನೇ ರಚನೆಯ ವಿಶ್ಲೇಷಣೆ ಎನ್ನುತ್ತಾರೆ. ಇದು ಸಂಗೀತ ಪಂಡಿತರ ಒಣ ಚರ್ಚೆಯಂತೆ ಕಾಣಬಹುದು. ಆದರೆ ಒಂದೇ ಒಂದು ಕೃತಿಯ ಮೊದಲ ಭಾಗವನ್ನು ಇನ್ನೂರು ವರ್ಷಗಳ ಕಾಲ ಜನ ಹೇಗೆ ಓದುತ್ತ ಬಂದರು ಎಂದು ನೋಡಿದರೆ, ಆ ಓದಿನೊಳಗೆ ಯುರೋಪಿನ ಯುದ್ಧಗಳೂ ಪ್ಯಾಲೆಸ್ತೀನಿನ ನೋವೂ ಬಂದು ಸೇರಿರುವುದು ಕಾಣುತ್ತದೆ. ಆ ಕೃತಿ ಬೀಥೋವನನ ಐದನೆಯ ಸಿಂಫನಿ.

ನಾಲ್ಕು ಸ್ವರ, ನಾಲ್ಕು ಪಾಲು

1808ರ ಡಿಸೆಂಬರ್ 22ರಂದು ವಿಯೆನ್ನಾದ ನಾಟಕಶಾಲೆಯೊಂದರಲ್ಲಿ ಈ ಸಿಂಫನಿ ಮೊದಲ ಬಾರಿಗೆ ಕೇಳಿಸಿತು. ಚಳಿ ಕೊರೆಯುತ್ತಿತ್ತು. ಕಾರ್ಯಕ್ರಮ ಸುಮಾರು ನಾಲ್ಕು ಗಂಟೆಯಷ್ಟು ಉದ್ದವಿತ್ತು. ತಾಲೀಮು ಸಾಲದೆ ವಾದಕರು ತಡವರಿಸಿದರು. ಹೊತ್ತಿಗೆ ಬೀಥೋವನನ ಕಿವಿ ಬಹಳಷ್ಟು ಮಂದವಾಗಿತ್ತು. ಆ ರಾತ್ರಿ ಕೇಳಿದವರ ಮೇಲೆ ಐದನೆಯ ಸಿಂಫನಿ ದೊಡ್ಡ ಪರಿಣಾಮವನ್ನೇನೂ ಮಾಡಲಿಲ್ಲ.

ಅದರ ಮೊದಲ ಭಾಗದ ಆರಂಭ ಇಂದು ಜಗತ್ತಿನಲ್ಲಿ ಬಹುಶಃ ಎಲ್ಲರೂ ಎಲ್ಲೋ ಒಂದು ಕಡೆ ಕೇಳಿರುವಂಥದ್ದು. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಮತ್ತೆ ಒಂದು ಮೆಟ್ಟಿಲು ಕೆಳಗೆ ಅದೇ ಆಕಾರ. ಇಷ್ಟೇ ಸಾಮಗ್ರಿಯಿಂದ ಏಳೆಂಟು ನಿಮಿಷಗಳ ಕಟ್ಟಡ ಏಳುತ್ತದೆ. ಆ ಕಟ್ಟಡದ ನಕಾಶೆಯನ್ನು ತಿಳಿಯಲು ಕಂಡಕ್ಟರ್ ಮೊದಲು ಮಾಡುವ ಕೆಲಸ ಲೆಕ್ಕ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ಪುಟ್ಟ ತಾಳಖಂಡಗಳಿರುತ್ತವೆ. ಅವನ್ನು ನಾವು ಆವರ್ತಗಳೆನ್ನೋಣ. ಈ ಭಾಗದಲ್ಲಿ 502 ಆವರ್ತಗಳಿವೆ.

ಈ ಬಗೆಯ ಭಾಗಗಳನ್ನು ಸೊನಾಟಾ ರಚನೆ ಎಂದು ಕರೆಯುತ್ತಾರೆ. ಅದನ್ನು ಒಂದು ಪ್ರಯಾಣದಂತೆ ಭಾವಿಸಬಹುದು. ಮೊದಲ ಪಾಲಿನಲ್ಲಿ ಮನೆಯ ಪರಿಚಯ. ಅಲ್ಲಿಂದ ಇನ್ನೊಂದು ಊರಿಗೆ, ಅಂದರೆ ಇನ್ನೊಂದು ಶ್ರುತಿನೆಲೆಗೆ ಹೊರಡುವುದು. ಇದು ನಿರೂಪಣೆ. ಎರಡನೆಯ ಪಾಲಿನಲ್ಲಿ ಅಲೆದಾಟ, ಅಸ್ಥಿರತೆ. ಇದು ವಿಸ್ತಾರ. ಮೂರನೆಯದರಲ್ಲಿ ಮನೆಗೆ ಮರಳುವುದು, ಇದು ಪುನರಾಗಮನ. ಕೊನೆಯಲ್ಲಿ ಬಾಗಿಲು ಮುಚ್ಚುವಂಥ ಚಿಕ್ಕ ಸಮಾಪ್ತಿ, ಅದಕ್ಕೆ ಕೋಡಾ ಎಂದು ಹೆಸರು. ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಈ ವ್ಯಾಕರಣವನ್ನು ಜರ್ಮನ್ ವಿದ್ವಾಂಸ ಎ. ಬಿ. ಮಾರ್ಕ್ಸ್ ವಿವರವಾಗಿ ಬರೆದಿಟ್ಟದ್ದು 1840ರ ದಶಕದಲ್ಲಿ. ಬೀಥೋವನ್ 1827ರಲ್ಲೇ ತೀರಿಕೊಂಡಿದ್ದ. ಕಾವ್ಯ ಮೊದಲು, ವ್ಯಾಕರಣ ಆಮೇಲೆ. ಆದ್ದರಿಂದ ಒಳ್ಳೆಯ ಕಂಡಕ್ಟರ್ ವ್ಯಾಕರಣ ಎಲ್ಲಿ ಒಪ್ಪುತ್ತದೆ ಎನ್ನುವುದಕ್ಕಿಂತ ಎಲ್ಲಿ ಒಪ್ಪುವುದಿಲ್ಲ ಎಂದು ಹುಡುಕುತ್ತಾನೆ.

ಐದನೆಯ ಸಿಂಫನಿಯಲ್ಲಿ ಅದು ಲೆಕ್ಕದಲ್ಲೇ ಸಿಗುತ್ತದೆ. ನಿರೂಪಣೆ 124 ಆವರ್ತ. ವಿಸ್ತಾರ 123. ಪುನರಾಗಮನ 127. ಹಾಗಾದರೆ ಕೋಡಾ? ಬಾಗಿಲು ಮುಚ್ಚುವ ಚಿಕ್ಕ ಭಾಗ ಎಂದೆವಲ್ಲ, ಅದು 128 ಆವರ್ತ! ಅಂದರೆ ನಾಲ್ಕೂ ಪಾಲುಗಳು ಹೆಚ್ಚು ಕಡಿಮೆ ಸಮ. ಪ್ರಯಾಣಿಕ ಮನೆಗೆ ಮರಳಿದ್ದಾನೆ, ಕಥೆ ಮುಗಿಯಿತು ಎಂದು ನಾವು ಎದ್ದು ನಿಲ್ಲುವಷ್ಟರಲ್ಲಿ ಕಥೆಯ ಕಾಲುಭಾಗ ಇನ್ನೂ ಬಾಕಿ ಇರುತ್ತದೆ.

ಇದು ಬರೀ ಉದ್ದದ ಮಾತಲ್ಲ. ಈ ಭಾಗದ ಮನೆಶ್ರುತಿ ಸಿ ಮೈನರ್, ಕತ್ತಲೆಯ ಬಣ್ಣದ್ದು. ಪುನರಾಗಮನದ ಕೊನೆಯಲ್ಲಿ ಸಂಗೀತ ಸಿ ಮೇಜರಿಗೆ, ಅಂದರೆ ಬೆಳಕಿನ ಬಣ್ಣಕ್ಕೆ ಹೊರಳಿ ಗೆದ್ದಂತೆ ಕೇಳಿಸುತ್ತದೆ. ಕೂಡಲೇ ಕೋಡಾ ಎರಗಿ ಆ ಬೆಳಕನ್ನು ಕಿತ್ತುಕೊಳ್ಳುತ್ತದೆ. ಮೊದಲ ಭಾಗ ಮೈನರಿನಲ್ಲೇ, ಕತ್ತಲೆಯಲ್ಲೇ ಮುಗಿಯುತ್ತದೆ. ನಿಜವಾದ ಸಿ ಮೇಜರ್ ಗೆಲುವು ಬರುವುದು ನಾಲ್ಕನೆಯ ಭಾಗದಲ್ಲಿ. ಈಗ ಕಂಡಕ್ಟರನ ಮುಂದಿರುವ ಪ್ರಶ್ನೆ ಇದು: ಪುನರಾಗಮನದ ಕೊನೆಯಲ್ಲಿ ಬರುವ ಆ ಗೆಲುವನ್ನು ಹೇಗೆ ನುಡಿಸಬೇಕು? ಇರುವ ಶಕ್ತಿಯನ್ನೆಲ್ಲ ಅಲ್ಲಿ ಸುರಿದರೆ ಕೇಳುಗರಿಗೆ ಹಬ್ಬ. ಆದರೆ ಕೋಡಾಕ್ಕೆ ಏನೂ ಉಳಿಯುವುದಿಲ್ಲ, ನಾಲ್ಕನೆಯ ಭಾಗದ ಗೆಲುವಿಗೂ ಅರ್ಥವಿರುವುದಿಲ್ಲ. ಅದು ಸುಳ್ಳು ಮುಕ್ತಾಯ ಎಂದು ತಿಳಿದವನು ಮಾತ್ರ ಅದನ್ನು ಸರಿಯಾದ ತೂಕದಲ್ಲಿ ನುಡಿಸಬಲ್ಲ.

ಮರಳಿ ಬಂದದ್ದು ಅದೇ ಅಲ್ಲ

ನಕಾಶೆಯಾದ ಮೇಲೆ ಸೂಕ್ಷ್ಮಗಳು. ಯಾರು ನುಡಿಸುತ್ತಿದ್ದಾರೆ ಎಂದು ಕಂಡಕ್ಟರ್ ನೋಡುತ್ತಾನೆ. ಜಗತ್ಪ್ರಸಿದ್ಧವಾದ ಆ ಮೊದಲ ನಾಲ್ಕು ಸ್ವರಗಳನ್ನು ಇಡೀ ವಾದ್ಯವೃಂದ ನುಡಿಸುತ್ತದೆ ಎಂದೇ ಹಲವರ ನಂಬಿಕೆ. ಅಲ್ಲ. ತಂತಿವಾದ್ಯಗಳು ಮತ್ತು ಕ್ಲಾರಿಯೊನೆಟ್ ಮಾತ್ರ. ಕಹಳೆಯಿಲ್ಲ, ನಗಾರಿಯಿಲ್ಲ. ಅದೇ ಸ್ವರಗಳು ಪುನರಾಗಮನದಲ್ಲಿ ಮರಳುವಾಗ ಕಹಳೆಯೂ ನಗಾರಿಯೂ ಸೇರಿಕೊಳ್ಳುತ್ತವೆ. ಟಿಂಪನಿ ಎಂಬ ಆ ಜೋಡಿ ನಗಾರಿ ಅರಬ್ ಮತ್ತು ತುರ್ಕಿ ನಾಡುಗಳ ನಕ್ಕಾರದಿಂದ ಯುರೋಪಿಗೆ ಹೋದದ್ದು. ನಮ್ಮ ನಗಾರಿಯ ಹೆಸರೂ ಅದೇ ಬೇರಿನದು.

1954ರ ನವೆಂಬರಿನಲ್ಲಿ ಅಮೆರಿಕದ ಕಂಡಕ್ಟರ್ ಲೆನಾರ್ಡ್ ಬರ್ನ್‌ಸ್ಟೀನ್ ಟೆಲಿವಿಷನ್ನಿನಲ್ಲಿ ಇದನ್ನು ಜನಸಾಮಾನ್ಯರಿಗೆ ಕಾಣಿಸಿದ. ಸ್ವರಲಿಪಿಯ ಮೊದಲ ಪುಟವನ್ನು ಸ್ಟುಡಿಯೋದ ನೆಲದ ಮೇಲೆ ದೊಡ್ಡದಾಗಿ ಬರೆಸಿ, ವಾದಕರನ್ನು ಅವರವರ ಸಾಲಿನ ಮೇಲೆ ನಿಲ್ಲಿಸಿದ. ಬೀಥೋವನ್ ಬರೆದು ಹೊಡೆದು ಹಾಕಿದ ಕರಡುಗಳನ್ನೂ ನುಡಿಸಿ ತೋರಿಸಿ, ಅವು ಏಕೆ ಸಾಲದಾಗಿದ್ದವು ಎಂದು ವಿವರಿಸಿದ. ಸಂಗೀತದ ರಚನೆ ಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎನ್ನುವವರಿಗೆ ಅದು ಉತ್ತರವಾಗಿತ್ತು.

ಆರಂಭದ ಗುಡುಗಿನ ನಂತರ ಒಂದು ಮೆಲುದನಿಯ ರಾಗಸಾಲು ಬೆಳೆಯುತ್ತದೆ. ಕೇಳುವಾಗ ಅದು ಒಂದೇ ಎಳೆ. ಸ್ವರಲಿಪಿ ನೋಡಿದರೆ ಅದನ್ನು ಯಾರೊಬ್ಬರೂ ಪೂರ್ತಿಯಾಗಿ ನುಡಿಸುವುದಿಲ್ಲ! ಎರಡನೆಯ ಪಿಟೀಲುಗಳ ಗುಂಪು ನಾಲ್ಕು ಸ್ವರ ನುಡಿಸಿ ನಿಲ್ಲುತ್ತದೆ, ವಿಯೋಲಾ ಗುಂಪು ಎತ್ತಿಕೊಳ್ಳುತ್ತದೆ, ಅದರಿಂದ ಮೊದಲ ಪಿಟೀಲುಗಳಿಗೆ ಹೋಗುತ್ತದೆ. ಪ್ರತಿಯೊಬ್ಬರ ಕೈಯಲ್ಲಿರುವುದು ಒಂದು ಚೂರು. ಪಕ್ಕದವನನ್ನು ಕೇಳಿಸಿಕೊಳ್ಳದೆ ನುಡಿಸಿದರೆ ಅದು ಚೂರಾಗಿಯೇ ಉಳಿಯುತ್ತದೆ.

ಇನ್ನೊಂದು ಕಡೆ ಪುನರಾಗಮನ ತನ್ನ ದಾರಿ ಬಿಟ್ಟು ನಿಲ್ಲುತ್ತದೆ. ಈ ಸಲ ಎಲ್ಲರೂ ಸುಮ್ಮನಾಗಿ, ಓಬೋ ಒಂದೇ ನಿಧಾನಗತಿಯಲ್ಲಿ ಕೆಲವು ಸ್ವರಗಳನ್ನು ನುಡಿಯುತ್ತದೆ. ಓಬೋ ನಮ್ಮ ಶಹನಾಯಿಯ ಬಂಧು. 502 ಆವರ್ತಗಳ ನಡುವೆ ಒಂದೇ ಒಂದು ಆವರ್ತದ ಒಂಟಿ ದನಿ ಅದು. ಮನೆಗೆ ಮರಳಿದವನು ಹೋದವನೇ ಅಲ್ಲ ಎಂದು ಅದು ಹೇಳುವಂತಿದೆ. ಅವಸರದ ಕಂಡಕ್ಟರ್ ಅದನ್ನೊಂದು ಅಲಂಕಾರವೆಂದು ದಾಟಿಸಿಬಿಡುತ್ತಾನೆ. ರಚನೆ ಬಲ್ಲವನಿಗೆ ಅದು ತಿರುವು.

ಪಠ್ಯ ಮತ್ತು ಪರಂಪರೆ

ಮುಸ್ಲಿಮ್ ಓದುಗರಿಗೆ ಮತ್ನ್ ಮತ್ತು ಸನದ್ ಎಂಬ ಎರಡು ಪದಗಳು ಪರಿಚಿತ. ಹದೀಸ್ ವಿದ್ವಾಂಸರು ವಚನದ ಪಠ್ಯವನ್ನೂ ಅದು ನಮಗೆ ತಲುಪಿದ ನಿರೂಪಕರ ಸರಣಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ. ನಿರೂಪಕ ನಂಬಲರ್ಹನಲ್ಲದಿದ್ದರೆ ಮಾತು ಎಷ್ಟೇ ಸುಂದರವಾಗಿದ್ದರೂ ಬದಿಗಿಡುತ್ತಾರೆ. ಪವಿತ್ರ ವಚನವನ್ನೂ ಸಂಗೀತ ಕೃತಿಯನ್ನೂ ನಾವು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಈ ವಿವೇಕ ಯಾವುದೇ ಹಳೆಯ ಪಠ್ಯವನ್ನು ಓದುವವರಿಗೆ ಬೇಕಾದದ್ದು.

ಐದನೆಯ ಸಿಂಫನಿಯ ಆರಂಭ ವಿಧಿ ಬಾಗಿಲು ತಟ್ಟುವ ಸದ್ದು ಎಂಬ ಕಥೆಯನ್ನೇ ನೋಡೋಣ. ಶಾಲೆಯ ಪುಸ್ತಕಗಳವರೆಗೂ ಹೋಗಿರುವ ಕಥೆ ಅದು. ಹೇಳಿದವನು ಬೀಥೋವನನ ಸಹಾಯಕನಾಗಿದ್ದ ಆಂಟನ್ ಶಿಂಡ್ಲರ್, 1840ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ. ಕಿವುಡನಾಗಿದ್ದ ಬೀಥೋವನನೊಡನೆ ಮಾತಾಡಲು ಬಂದವರು ಪುಸ್ತಕಗಳಲ್ಲಿ ಬರೆದು ತೋರಿಸುತ್ತಿದ್ದರು. ಆ ಸಂಭಾಷಣೆ ಪುಸ್ತಕಗಳು ಶಿಂಡ್ಲರನ ಕೈಸೇರಿದ್ದವು. ಬೀಥೋವನ್ ಸತ್ತ ಮೇಲೆ ಶಿಂಡ್ಲರ್ ಅವುಗಳಲ್ಲಿ ತನಗೆ ಬೇಕಾದ ಮಾತುಗಳನ್ನು ಹೊಸದಾಗಿ ಬರೆದು ಸೇರಿಸಿದ್ದ ಎಂಬುದು 1970ರ ದಶಕದಲ್ಲಿ ವಿದ್ವಾಂಸರ ಪರಿಶೀಲನೆಯಿಂದ ಬಯಲಾಯಿತು. ನಿರೂಪಕನೇ ಕೈಕೊಟ್ಟ ಮೇಲೆ ಕಥೆಯ ಬೆಲೆ ಎಷ್ಟು? ಆದರೆ ಅಷ್ಟರಲ್ಲಿ ಎಷ್ಟೋ ತಲೆಮಾರಿನ ಕಂಡಕ್ಟರುಗಳು ಆ ಆರಂಭವನ್ನು ಭಾರವಾಗಿ, ನಿಧಾನವಾಗಿ, ಬಾಗಿಲು ಬಡಿದಂತೆಯೇ ನುಡಿಸಿಬಿಟ್ಟಿದ್ದರು. ಪಠ್ಯದಲ್ಲಿ ಇದ್ದದ್ದು ಬಿರುಸಿನ ಗತಿ. 1817ರಲ್ಲಿ ಬೀಥೋವನ್ ತಾನೇ ಮೆಟ್ರೊನೋಮ್ ಎಂಬ ಲಯಯಂತ್ರದ ಲೆಕ್ಕದಲ್ಲಿ ಈ ಭಾಗಕ್ಕೆ ನಿಮಿಷಕ್ಕೆ 108 ಆವರ್ತ ಎಂದು ನಿಗದಿ ಮಾಡಿದ. ನಿರೂಪಣೆಯನ್ನು ಎರಡು ಸಲ ನುಡಿಸಬೇಕೆಂಬ ಸೂಚನೆಯೂ ಇರುವುದರಿಂದ ಒಟ್ಟು 626 ಆವರ್ತ. ನಡುವಿನ ನಿಲುಗಡೆಗಳನ್ನು ಬಿಟ್ಟರೆ ಆರು ನಿಮಿಷಕ್ಕೂ ಕಡಿಮೆ! ಇದು ಅಸಾಧ್ಯ, ಯಂತ್ರವೇ ಕೆಟ್ಟಿರಬೇಕು ಎಂದವರು ಹಲವರು. 1980ರ ದಶಕದಿಂದ ಈಚೆಗೆ ರೋಜರ್ ನಾರಿಂಗ್ಟನ್, ಜಾನ್ ಎಲಿಯಟ್ ಗಾರ್ಡಿನರ್ ಮೊದಲಾದವರು ಬೀಥೋವನನ ಕಾಲದ ಮಾದರಿಯ ವಾದ್ಯಗಳನ್ನು ಹಿಡಿದು ಆ ಗತಿಗೆ ಹತ್ತಿರವಾಗಿ ನುಡಿಸಿ ತೋರಿಸಿದ ಮೇಲೆ ಆ ವಾದದ ಬಾಯಿ ಸ್ವಲ್ಪ ಮುಚ್ಚಿತು.

ಪಠ್ಯಕ್ಕೆ ನಿಷ್ಠರಾಗಿದ್ದರೆ ಸಾಕು ಎನ್ನುವುದೂ ಅಷ್ಟು ಸುಲಭವಲ್ಲ. ನಿರೂಪಣೆಯಲ್ಲಿ ಎರಡನೆಯ ರಾಗಸಾಲನ್ನು ಘೋಷಿಸುವುದು ಹಾರ್ನ್, ಅಂದರೆ ಕೊಂಬು. ಪುನರಾಗಮನದಲ್ಲಿ ಅದೇ ಘೋಷಣೆಯನ್ನು ಬೀಥೋವನ್ ಬಸೂನ್ ಎಂಬ ಮಂದ್ರದ ಊದುವಾದ್ಯಕ್ಕೆ ಕೊಟ್ಟಿದ್ದಾನೆ. ದನಿ ತೆಳುವಾಗುತ್ತದೆ. ಏಕೆ ಹೀಗೆ? ಆ ಕಾಲದ ಹಾರ್ನಿಗೆ ಕೀಲಿಗಳಿರಲಿಲ್ಲ. ಶ್ರುತಿ ಬದಲಾದರೆ ಕೊಳವೆಯನ್ನೇ ಬದಲಿಸಬೇಕಿತ್ತು. ಕೀಲಿ ಹಾರ್ನ್ ಬಂದ ಮೇಲೆ ಬಹಳ ಕಂಡಕ್ಟರುಗಳು ಬಸೂನನ್ನು ತೆಗೆದು ಹಾರ್ನಿಗೆ ಕೊಟ್ಟರು. ಬೀಥೋವನ್ ಇಂದು ಇದ್ದಿದ್ದರೆ ಇದನ್ನೇ ಬಯಸುತ್ತಿದ್ದ ಎಂಬುದು ಅವರ ವಾದ. ಈಚಿನವರು ಬಸೂನನ್ನೇ ಉಳಿಸಿಕೊಳ್ಳುತ್ತಾರೆ. ಮರಳಿ ಬರುವಾಗ ದನಿ ಬದಲಾಗುವುದೇ ಈ ರಚನೆಯ ಸತ್ಯವಾಗಿರಬಹುದಲ್ಲವೇ, ಓಬೋದ ಒಂಟಿ ದನಿಯ ಹಾಗೆ? ಅಕ್ಷರವೋ ಆಶಯವೋ ಎಂಬ ಈ ಜಗಳ ನಮಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದೇ. ಎರಡೂ ಕಡೆ ಪ್ರಾಮಾಣಿಕರಿದ್ದಾರೆ.

ಹೀಗೆ ಓದುವ ಕಸುಬು ಬೆಳೆದದ್ದೂ ಒಂದು ಚರಿತ್ರೆ. 1810ರಲ್ಲಿ ಲೇಖಕ ಇ. ಟಿ. ಎ. ಹಾಫ್‌ಮನ್ ಸ್ವರಲಿಪಿಯನ್ನು ಕೂಲಂಕಷವಾಗಿ ನೋಡಿ, ಇಡೀ ಭಾಗ ಒಂದು ಚಿಕ್ಕ ಆಕಾರದಿಂದಲೇ ಹುಟ್ಟಿದೆ ಎಂದು ಲೈಪ್ಜಿಗ್ಗಿನ ಪತ್ರಿಕೆಯಲ್ಲಿ ಬರೆದ. 1828ರಲ್ಲಿ ಪ್ಯಾರಿಸ್ಸಿನಲ್ಲಿ ಹಾಬೆನೆಕ್ ತನ್ನ ವಾದ್ಯವೃಂದವನ್ನು ಕಟ್ಟಿ, ಪಿಟೀಲಿನ ಕಮಾನನ್ನೇ ಕೋಲಾಗಿಸಿ, ಬಿಗಿಯಾದ ತಾಲೀಮಿನಿಂದ ಬೀಥೋವನನನ್ನು ಕೇಳಿಸಿದ. 1869ರಲ್ಲಿ ವಾಗ್ನರ್ ಕಂಡಕ್ಟರನ ಕಲೆಯ ಬಗ್ಗೆ ಪ್ರಬಂಧ ಬರೆದು, ಸರಿಯಾದ ಗತಿಯನ್ನು ಕಂಡುಕೊಳ್ಳುವುದೇ ಅವನ ಮುಖ್ಯ ಕೆಲಸ, ಅದು ಸಿಗುವುದು ಒಳಗಿನ ರಾಗವನ್ನು ಅರಿತವನಿಗೆ ಎಂದ. 1906ರಲ್ಲಿ ಫೆಲಿಕ್ಸ್ ವೈನ್‌ಗಾರ್ಟ್ನರ್ ಬೀಥೋವನನ ಸಿಂಫನಿಗಳನ್ನು ನುಡಿಸುವವರಿಗಾಗಿಯೇ ಆವರ್ತ ಆವರ್ತಕ್ಕೂ ಸಲಹೆಗಳ ಪುಸ್ತಕ ತಂದ.

ಆಳವಾಗಿ ಓದಿದವರ ಪಾಡು

ಇಪ್ಪತ್ತನೆಯ ಶತಮಾನದಲ್ಲಿ ಈ ಓದನ್ನು ಅತ್ಯಂತ ಆಳಕ್ಕೆ ಒಯ್ದವನು ಹೈನ್‌ರಿಖ್ ಶೆಂಕರ್. ಗಲೀಷಿಯಾದಲ್ಲಿ 1868ರಲ್ಲಿ ಹುಟ್ಟಿದ ಯಹೂದಿ, ವಿಯೆನ್ನಾದಲ್ಲಿ ಬದುಕಿದವನು. ಮೇಲ್ಮೈಯ ನೂರಾರು ಸ್ವರಗಳ ಕೆಳಗೆ ಕೆಲವೇ ಸ್ವರಗಳ ದೀರ್ಘ ನಡಿಗೆ ಇರುತ್ತದೆ, ಕೃತಿಯನ್ನು ಹಿಡಿದಿಡುವುದು ಆ ನಡಿಗೆ ಎಂಬುದು ಅವನ ಸಿದ್ಧಾಂತ. ಐದನೆಯ ಸಿಂಫನಿಯ ವಿಶ್ಲೇಷಣೆಯನ್ನು ಅವನು 1921ರಿಂದ ಕಂತುಗಳಲ್ಲಿ ಪ್ರಕಟಿಸಿದ. ಅವನ ಬರಹಗಳಿಗೆ ಮಾರುಹೋಗಿ ಅವನ ಮನೆಗೇ ಬಂದು ಸ್ವರಲಿಪಿಗಳನ್ನು ಚರ್ಚಿಸುತ್ತಿದ್ದವನು ಜರ್ಮನಿಯ ಮಹಾ ಕಂಡಕ್ಟರ್ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ದೂರದಲ್ಲಿರುವುದನ್ನು ಈಗಲೇ ಕೇಳಿಸಿಕೊಳ್ಳುವುದು, ನೂರು ಆವರ್ತಗಳಾಚೆಯ ಗುರಿಯತ್ತ ಸಾಗುವುದು ಫುರ್ಟ್‌ವೆಂಗ್ಲರನ ಶೈಲಿಯ ಜೀವ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫುರ್ಟ್‌ವೆಂಗ್ಲರ್ ನಾಜಿ ಪಕ್ಷ ಸೇರಲಿಲ್ಲ. ಯಹೂದಿ ಸಂಗೀತಗಾರರಿಗೆ ನೆರವಾದ. 1934ರಲ್ಲಿ ಆಡಳಿತದೊಂದಿಗೆ ಜಗಳವಾಡಿ ಹುದ್ದೆಗಳನ್ನೂ ಬಿಟ್ಟ. ಆದರೆ ಮರುವರ್ಷವೇ ವೇದಿಕೆಗೆ ಮರಳಿದ. 1942ರ ಏಪ್ರಿಲಿನಲ್ಲಿ ಹಿಟ್ಲರನ ಹುಟ್ಟುಹಬ್ಬದ ಸಮಾರಂಭದಲ್ಲಿ ಮಾನವ ಸೋದರತ್ವವನ್ನು ಸಾರುವ ಒಂಬತ್ತನೆಯ ಸಿಂಫನಿಯನ್ನು ನಡೆಸಿಕೊಟ್ಟ. 1943ರ ಜೂನಿನಲ್ಲಿ ಬರ್ಲಿನ್ನಿನಲ್ಲಿ ಅವನು ನಡೆಸಿದ ಐದನೆಯ ಸಿಂಫನಿಯ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಅದೇ ಹೊತ್ತಿಗೆ ಲಂಡನ್ನಿನ ಬಿಬಿಸಿ ಅದೇ ನಾಲ್ಕು ಸ್ವರಗಳನ್ನು ಹಿಟ್ಲರನ ವಿರುದ್ಧ ಬಳಸುತ್ತಿತ್ತು. ಮೂರು ಗಿಡ್ಡ, ಒಂದು ಉದ್ದ ಎಂದರೆ ಮೋರ್ಸ್ ಸಂಕೇತದಲ್ಲಿ ವಿ ಅಕ್ಷರ, ವಿಕ್ಟರಿಯ ಮೊದಲಕ್ಷರ. ಶೆಂಕರ್ 1935ರಲ್ಲೇ ತೀರಿಕೊಂಡಿದ್ದ. ಅವನ ಹೆಂಡತಿ ಜೀನೆಟ್ 1945ರ ಜನವರಿಯಲ್ಲಿ ತೆರೇಸಿಯನ್‌ಸ್ಟಾಟ್ ಸೆರೆಶಿಬಿರದಲ್ಲಿ ಸತ್ತಳು. ಶಿಷ್ಯ ಸಮಾನನಾದವನ ನಾಡೇ ಗುರುವಿನ ಮನೆಯನ್ನು ನುಂಗಿತು. ಇಷ್ಟಕ್ಕೂ ಶೆಂಕರ್ ಕೂಡ ನಿಷ್ಕಳಂಕನಲ್ಲ. ಜರ್ಮನ್ ಹಿರಿಮೆಯ ಬಗ್ಗೆ, ಇತರ ಜನಾಂಗಗಳ ಬಗ್ಗೆ ಅವನು ಬರೆದ ಮಾತುಗಳು 2019ರ ನಂತರ ಅಮೆರಿಕದ ಸಂಗೀತ ವಿದ್ವಾಂಸರಲ್ಲಿ ಭಾರೀ ವಾಗ್ವಾದಕ್ಕೆ ಕಾರಣವಾದವು.

ಇಟಲಿಯ ಟೋಸ್ಕನೀನಿ ಇನ್ನೊಂದು ದಾರಿ ಹಿಡಿದ. ವ್ಯಾಖ್ಯಾನದ ಭಾರ ಬೇಡ, ಬರೆದದ್ದನ್ನು ಬರೆದಂತೆ ನುಡಿಸಬೇಕು ಎಂಬುದು ಅವನ ಹಟ. ಫ್ಯಾಸಿಸ್ಟರ ಗೀತೆಯನ್ನು ನುಡಿಸಲು ಒಪ್ಪದೆ 1931ರಲ್ಲಿ ಬೊಲೊನ್ಯಾದಲ್ಲಿ ಹೊಡೆಸಿಕೊಂಡ. 1933ರಲ್ಲಿ ನಾಜಿ ಜರ್ಮನಿಯ ಬೈರಾಯ್ಟ್ ಉತ್ಸವಕ್ಕೆ ಹೋಗಲು ನಿರಾಕರಿಸಿದ. ಹಾಗೆಂದು ಬರೆದಂತೆ ನುಡಿಸುವವರೆಲ್ಲ ಧೀರರು, ಆಳವಾಗಿ ವ್ಯಾಖ್ಯಾನಿಸುವವರೆಲ್ಲ ರಾಜಿಯವರು ಎಂಬ ಸೂತ್ರ ಕಟ್ಟಲಾಗದು. ಕಲಿಯಬೇಕಾದದ್ದು ಇಷ್ಟೇ: ರಚನೆಯನ್ನು ಎಷ್ಟು ಆಳವಾಗಿ ಬಲ್ಲೆವು ಎಂಬುದು ನಾವು ಎಷ್ಟು ನ್ಯಾಯವಂತರು ಎಂಬುದಕ್ಕೆ ಪ್ರಮಾಣವಲ್ಲ.

ಈ ಫುರ್ಟ್‌ವೆಂಗ್ಲರನಿಗೂ ನಮ್ಮ ಮೈಸೂರಿಗೂ ಒಂದು ನಂಟಿದೆ. 1946ರ ಕೊನೆಗೆ ವಿಚಾರಣೆಯಲ್ಲಿ ಆರೋಪಮುಕ್ತನಾಗಿ, 1947ರ ಮೇ ತಿಂಗಳಲ್ಲಿ ಐದನೆಯ ಸಿಂಫನಿಯೊಂದಿಗೇ ಬರ್ಲಿನ್ನಿನ ವೇದಿಕೆಗೆ ಮರಳಿದ ಅವನು 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಪ್ರಥಮ ಪ್ರಯೋಗವನ್ನು ನಡೆಸಿದ. ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರ್. ಕರ್ನಾಟಕ ಶಾಸ್ತ್ರೀಯ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಈ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದರು.

ರಮಲ್ಲಾದ ಒಂದು ಸಂಜೆ

1954ರಲ್ಲಿ ಫುರ್ಟ್‌ವೆಂಗ್ಲರನ ಮುಂದೆ ಹನ್ನೊಂದು ವರ್ಷದ ಹುಡುಗನೊಬ್ಬ ಪಿಯಾನೊ ನುಡಿಸಿದ. ಬ್ಯೂನಸ್ ಐರಿಸ್ಸಿನಲ್ಲಿ ಹುಟ್ಟಿ ಇಸ್ರೇಲಿಗೆ ಬಂದಿದ್ದ ಯಹೂದಿ ಬಾಲಕ ಡೇನಿಯಲ್ ಬಾರೆನ್‌ಬಾಯ್ಮ್. ಫುರ್ಟ್‌ವೆಂಗ್ಲರ್ ಮೆಚ್ಚಿ ಬರ್ಲಿನ್ನಿಗೆ ಕರೆದ. ಯುದ್ಧ ಮುಗಿದು ಇನ್ನೂ ಹತ್ತು ವರ್ಷವಾಗಿಲ್ಲ, ಈಗಲೇ ಬೇಡ ಎಂದು ತಂದೆ ಒಪ್ಪಲಿಲ್ಲ. ಆದರೆ ಓದುವ ಆ ರೀತಿಯನ್ನು ಬಾರೆನ್‌ಬಾಯ್ಮ್ ಜೀವಮಾನವಿಡೀ ತನ್ನದಾಗಿಸಿಕೊಂಡ. ಶೆಂಕರನಿಂದ ಫುರ್ಟ್‌ವೆಂಗ್ಲರ್, ಅವನಿಂದ ಬಾರೆನ್‌ಬಾಯ್ಮ್: ಇದೂ ಒಂದು ಸರಣಿಯೇ.

ಈ ಸರಣಿಗೆ ಬಂದು ಸೇರಿದವರು ಎಡ್ವರ್ಡ್ ಸಯೀದ್. ಓರಿಯಂಟಲಿಸಂ ಪುಸ್ತಕದ ಲೇಖಕರಾಗಿ, ಪ್ಯಾಲೆಸ್ತೀನಿನ ದನಿಯಾಗಿ ಅವರನ್ನು ನಮ್ಮ ಓದುಗರು ಬಲ್ಲರು. ಜೆರುಸಲೇಮಿನಲ್ಲಿ ಹುಟ್ಟಿದ ಅವರು ನುರಿತ ಪಿಯಾನೊ ವಾದಕರೂ, ವರ್ಷಗಳ ಕಾಲ ಸಂಗೀತ ವಿಮರ್ಶೆ ಬರೆದವರೂ ಆಗಿದ್ದರು ಎಂಬುದು ಅಷ್ಟಾಗಿ ತಿಳಿದಿಲ್ಲ. ಇಬ್ಬರೂ ಸೇರಿ 1999ರಲ್ಲಿ ಜರ್ಮನಿಯ ವೈಮರಿನಲ್ಲಿ ಅರಬ್ ಮತ್ತು ಇಸ್ರೇಲಿ ಯುವ ವಾದಕರನ್ನು ಒಂದೆಡೆ ಕೂಡಿಸಿದರು. ಪರ್ಷಿಯಾದ ಹಾಫಿಝನನ್ನು ಓದಿ ಪ್ರೇರಿತನಾದ ಗಯಟೆ 1819ರಲ್ಲಿ ಪ್ರಕಟಿಸಿದ ಕವನಸಂಗ್ರಹದ ಹೆಸರನ್ನೇ ತಂಡಕ್ಕೆ ಇಟ್ಟರು: ವೆಸ್ಟ್ ಈಸ್ಟರ್ನ್ ದಿವಾನ್ ವಾದ್ಯವೃಂದ. ವೈಮರಿನಿಂದ ಕೂಗಳತೆಯಲ್ಲೇ ಬುಖೆನ್‌ವಾಲ್ಡ್ ಸೆರೆಶಿಬಿರದ ನೆಲವಿದೆ. ಮುಂದೆ ತಂಡದ ತಾಲೀಮಿನ ನೆಲೆ ಸ್ಪೇನಿನ ಆಂಡಲೂಸಿಯಾಕ್ಕೆ, ಹಿಂದೆ ಮುಸ್ಲಿಮರೂ ಯಹೂದಿಗಳೂ ಕ್ರೈಸ್ತರೂ ಜೊತೆಯಾಗಿ ಬದುಕಿದ್ದ ನಾಡಿಗೆ ಹೋಯಿತು.

ಸಿರಿಯಾದ ಹುಡುಗನೂ ಇಸ್ರೇಲಿನ ಹುಡುಗಿಯೂ ಒಂದೇ ಸ್ಟ್ಯಾಂಡಿನ ಮೇಲಿನ ಒಂದೇ ಸ್ವರಲಿಪಿಯನ್ನು ನೋಡುತ್ತ ಕೂರಬೇಕು. ಐದನೆಯ ಸಿಂಫನಿಯ ಆ ಚೂರುಚೂರಾದ ರಾಗಸಾಲು ನೆನಪಿದೆಯಲ್ಲ? ಎರಡನೆಯ ಪಿಟೀಲಿನಿಂದ ವಿಯೋಲಾಕ್ಕೆ, ಅಲ್ಲಿಂದ ಮೊದಲ ಪಿಟೀಲಿಗೆ. ರಚನೆಯ ವಿಶ್ಲೇಷಣೆ ಅಲ್ಲಿ ಪುಸ್ತಕದ ವಿದ್ಯೆಯಾಗಿ ಉಳಿಯುವುದಿಲ್ಲ. ನನ್ನ ಚೂರು ಎಲ್ಲಿ ಮುಗಿಯುತ್ತದೆ, ಪಕ್ಕದವನದು ಎಲ್ಲಿ ಆರಂಭವಾಗುತ್ತದೆ ಎಂದು ಇಬ್ಬರೂ ಒಪ್ಪಿಕೊಳ್ಳಲೇಬೇಕು.

ಸಯೀದ್ 2003ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 2005ರ ಆಗಸ್ಟ್ 21ರಂದು ದಿವಾನ್ ವಾದ್ಯವೃಂದ ರಮಲ್ಲಾದಲ್ಲಿ ನುಡಿಸಿತು. ಇಸ್ರೇಲಿ ಪ್ರಜೆಗಳು ಅಲ್ಲಿಗೆ ಹೋಗಲು ಅವರ ಕಾನೂನು ಬಿಡುತ್ತಿರಲಿಲ್ಲ. ಸಿರಿಯಾ, ಲೆಬನಾನ್‌ಗಳ ವಾದಕರು ಇಸ್ರೇಲಿನ ಕಾವಲು ದಾಟಿ ಬರುವುದು ಅವರ ದೇಶಗಳಿಗೆ ಒಪ್ಪಿಗೆಯಿರಲಿಲ್ಲ. ಸ್ಪೇನ್ ಸರಕಾರ ಕೊಟ್ಟ ರಾಜತಾಂತ್ರಿಕ ಪಾಸ್‌ಪೋರ್ಟುಗಳ ಬಲದಿಂದ ಅವರು ತಲುಪಿದರು. ಆ ಸಂಜೆಯ ಮುಖ್ಯ ಕೃತಿ ಬೀಥೋವನನ ಐದನೆಯ ಸಿಂಫನಿ. ಮರಳಿ ಬರುವುದು ಎಂಬ ಮಾತು ಸಂಗೀತಶಾಸ್ತ್ರದ ಪರಿಭಾಷೆ ಮಾತ್ರ ಅಲ್ಲದ ಊರು ಅದು. 1948ರಲ್ಲಿ ಮನೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಬದುಕುವ ಊರು.

ಆ ಸಂಜೆಯನ್ನು ಶಾಂತಿಯ ಗೆಲುವೆಂದು ಜಗತ್ತಿನ ಪತ್ರಿಕೆಗಳು ಕೊಂಡಾಡಿದವು. ಪ್ಯಾಲೆಸ್ತೀನಿನ ಸಾಂಸ್ಕೃತಿಕ ಬಹಿಷ್ಕಾರ ಚಳವಳಿಯವರು ಒಪ್ಪಲಿಲ್ಲ. ಆಕ್ರಮಣ ಮುಂದುವರಿದಿರುವಾಗ ಇಬ್ಬರನ್ನೂ ಸಮಾನರೆಂಬಂತೆ ಕೂಡಿಸಿ ನುಡಿಸುವುದು ಅನ್ಯಾಯವನ್ನು ಸಹಜವ್ಯವಹಾರ ಮಾಡಿದಂತೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂ ಬಾರದು. ಬಾರೆನ್‌ಬಾಯ್ಮ್ ಸಹ ತನ್ನ ವಾದ್ಯವೃಂದ ಶಾಂತಿ ತರುತ್ತದೆಂದು ಹೇಳಿಕೊಂಡಿಲ್ಲ. ಅಜ್ಞಾನದ ವಿರುದ್ಧದ ಕೆಲಸ ಇದು ಎಂದಷ್ಟೇ ಹೇಳುತ್ತ ಬಂದಿದ್ದಾರೆ. 2008ರಲ್ಲಿ ಅವರು ಪ್ಯಾಲೆಸ್ತೀನಿನ ಪೌರತ್ವವನ್ನು ಸ್ವೀಕರಿಸಿದರು. 2016ರಲ್ಲಿ ಬರ್ಲಿನ್ನಿನಲ್ಲಿ ಬಾರೆನ್‌ಬಾಯ್ಮ್ ಸಯೀದ್ ಅಕಾಡೆಮಿ ಬಾಗಿಲು ತೆರೆಯಿತು. 2023ರ ಅಕ್ಟೋಬರಿನ ನಂತರ ಗಾಝಾದಲ್ಲಿ ನಡೆದದ್ದನ್ನು ನೋಡಿದ ಯಾರೂ 2005ರ ಆ ಸಂಜೆಯನ್ನು ಗೆಲುವೆಂದು ಕರೆಯಲಾರರು.

ಹಾಗಾದರೆ ಈ ಓದಿನಿಂದ ಸಿಕ್ಕಿದ್ದೇನು? ಆ 502 ಆವರ್ತಗಳೇ ಉತ್ತರ ಹೇಳುತ್ತವೆ ಎಂದು ನಮಗೆ ಅನ್ನಿಸುತ್ತದೆ. ಸಿ ಮೇಜರ್ ಬೆಳಕು ಬಂದು, ಎಲ್ಲ ಸರಿಹೋಯಿತು ಎಂದು ಕೇಳಿಸುವ ಆ ಜಾಗದಲ್ಲಿ ಒಳ್ಳೆಯ ಕಂಡಕ್ಟರ್ ಸಂಭ್ರಮಿಸುವುದಿಲ್ಲ. ಇನ್ನೂ 128 ಆವರ್ತಗಳಿವೆ ಎಂದು ಅವನಿಗೆ ಗೊತ್ತು. ಬೆಳಕು ಸುಳ್ಳೆಂದೂ ಅವನು ಹೇಳುವುದಿಲ್ಲ. ನಾಲ್ಕನೆಯ ಭಾಗದಲ್ಲಿ ಅದು ಬಂದೇ ಬರುತ್ತದೆಂದು ಓದಿ ತಿಳಿದಿದ್ದಾನೆ. ಒಪ್ಪಂದಗಳಿಗೆ ಸಹಿ ಬಿದ್ದ ಕೂಡಲೇ, ಕೈಕುಲುಕಿದ ಚಿತ್ರ ಅಚ್ಚಾದ ಕೂಡಲೇ ಚಪ್ಪಾಳೆ ತಟ್ಟುವ ಅಭ್ಯಾಸ ನಮ್ಮ ಕಾಲದ್ದು. ಎಲ್ಲಿ ಮುಗಿದಿದೆ, ಎಲ್ಲಿ ಮುಗಿದಂತೆ ಕಾಣುತ್ತಿದೆ ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಸ್ವರಲಿಪಿಯ ಮುಂದೆ ಕೂತವನಿಗೆ ಮಾತ್ರ ಬೇಕಾದದ್ದಲ್ಲ. ಚರಿತ್ರೆಯನ್ನು ಓದುವ ನಮಗೂ ಬೇಕು.